ಪರದೇಶದ ಕೊಳವೆ, ನಮ್ಮ ಪಡಸಾಲೆ

ಮನೆಯಲ್ಲಿ ಸಾವಾದ ಬಳಿಕ ಎಷ್ಟು ಕಾಲ ಹಾಡು ಕೇಳಬಾರದು ಎಂಬುದಕ್ಕೆ ನಮ್ಮ ಹಳ್ಳಿಗಳಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ರೂಢಿಯುಂಟು. ಕೆಲವರು ಕೆಲವು ದಿನ ಸುಮ್ಮನಿರುವರು. ಕೆಲವರು ವರ್ಷ ತುಂಬುವವರೆಗೆ ಕಾಯುವರು. ಆದರೆ ಮನಸ್ಸು ಮತ್ತೆ ಹಾಡಿಗೆ ಯಾವಾಗ ಬಾಗಿಲು ತೆರೆಯುವುದೆಂಬುದಕ್ಕೆ ಯಾವ ರೂಢಿಯೂ ಇಲ್ಲ. ಅದು ಒಬ್ಬೊಬ್ಬರ ಒಳಗಿನ ಮಾತು.

ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಸೋದರಮಾವನವರ ಮನೆಯಿದೆ. ಹೋದ ವರ್ಷ ಹಿಂಗಾರಿಯ ಬಿತ್ತನೆ ಮುಗಿದ ಮೇಲೆ ನಾಲ್ಕು ದಿನ ಅಲ್ಲಿಗೆ ಹೋಗಿದ್ದೆವು. ಮಾವನವರಿಗೆ ಎಂಬತ್ತರ ಹತ್ತಿರದ ವಯಸ್ಸು. ಎರೆಭೂಮಿಯ ಒಕ್ಕಲುತನದಲ್ಲಿ ಜೀವ ಸವೆಸಿದವರಾದರೂ ಸಂಗೀತದ ಕಿವಿ ಬಹಳ ಸೂಕ್ಷ್ಮ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯೇ ಅವರ ಪಾಠಶಾಲೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರ ದನಿಗಳನ್ನು ಅವರು ಮನೆಯ ಮಂದಿಯ ದನಿಯಂತೆ ಗುರುತಿಸಬಲ್ಲರು. ಆದರೆ ನಮ್ಮ ಅತ್ತೆಯವರು ಲಿಂಗೈಕ್ಯರಾಗಿ ಎರಡು ವರ್ಷ ಕಳೆದಿದ್ದರೂ ಪಡಸಾಲೆಯ ರೇಡಿಯೋ ಅರಿವೆ ಹೊದ್ದುಕೊಂಡು ಮೂಲೆಯಲ್ಲಿಯೇ ಕುಳಿತಿತ್ತು. ಅದನ್ನು ಹಚ್ಚಿರೆಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅದೇ ವೇಳೆಗೆ ಬೆಂಗಳೂರಿನಲ್ಲಿ ನೌಕರಿ ಮಾಡುವ ಅವರ ಮೊಮ್ಮಗನೂ ರಜೆಗೆ ಬಂದಿದ್ದನು. ಸಂಜೆ ದೀಪ ಹಚ್ಚಿದ ಮೇಲೆ ಅವನು ತನ್ನ ಮೊಬೈಲಿನಲ್ಲಿ ಒಂದು ಸಂಗೀತವನ್ನು ಹಚ್ಚಿದನು. ಮೊದಲು ಪಿಟೀಲುಗಳ ಮೃದುವಾದ ಹಿಮ್ಮೇಳ. ಅದರ ಮೇಲೆ ಮನುಷ್ಯನ ಕೊರಳನ್ನೇ ಹೋಲುವ ಒಂದು ಊದುವ ವಾದ್ಯ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಮಾವನವರ ಮುಖ ಬಿಗಿಯಿತು.

"ಏನೋ ತಮ್ಮಾ ಇದು? ಬಾರಿನ್ಯಾಗ ಹಚ್ಚೂ ಸಂಗೀತಲ್ಲೇನು? ಮನ್ಯಾಗ ಬ್ಯಾಡ. ಬಂದ್ ಮಾಡು."

ಹುಡುಗನು ಬಂದ್ ಮಾಡಿದನು. ಆದರೆ ಅಟ್ಟಕ್ಕೆ ಹೋಗುವಾಗ ಒಂದು ಮಾತು ಆಡಿಯೇ ಹೋದನು: "ಅಜ್ಜಾರ, ಅಮ್ಮ ಹೋದಮ್ಯಾಲೆ ಈ ಮನ್ಯಾಗ ಯಾವ ಸಂಗೀತನೂ ಇಲ್ಲ. ಬಾರಿಂದೂ ಇಲ್ಲ, ಮಠದ್ದೂ ಇಲ್ಲ."

ಆ ರಾತ್ರಿ ಅಜ್ಜ ಮೊಮ್ಮಗ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ನಡುವೆ ಸಿಕ್ಕವರು ನಾವು. ಹಿರಿಯರದು ತಪ್ಪೆನ್ನಲೂ ಆಗದು, ಕಿರಿಯನದು ಉದ್ಧಟತನವೆನ್ನಲೂ ಆಗದು. ಅವನು ಹಚ್ಚಿದ ಸಂಗೀತವಾದರೂ ಯಾವುದು ಎಂದು ಅಟ್ಟಕ್ಕೆ ಹೋಗಿ ಕೇಳಿದೆವು. ಅಲ್ಲಿ ತಿಳಿದುಕೊಂಡದ್ದನ್ನೂ ಅನಂತರ ನಾವೇ ಓದಿ, ಕೇಳಿ, ವಿಚಾರಮಾಡಿದ್ದನ್ನೂ ಓದುಗ ಬಂಧುಗಳ ಮುಂದೆ ಇಡುವುದು ಈ ಸಲದ ಉದ್ದೇಶ.

ಆ ವಾದ್ಯ ಸ್ಯಾಕ್ಸೋಫೋನ್. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ಕುಶಲಕರ್ಮಿಯು ಇದನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದನು. ಒಡಲು ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಯ ಹತ್ತಿರ ಕಟ್ಟಿದ ಜೊಂಡಿನ ತೆಳುವಾದ ಪಟ್ಟಿಯ ಕಂಪನದಿಂದ. ನಮ್ಮ ಸನಾದಿಯಲ್ಲಿಯೂ ನಾದದ ಮೂಲ ಇಂಥ ಜೊಂಡೇ. ಅಲ್ಲಿ ಜೋಡಿ ನಾಲಗೆ, ಇಲ್ಲಿ ಒಂಟಿ ನಾಲಗೆ ಎಂಬುದಷ್ಟೇ ಭೇದ. ಆದ್ದರಿಂದಲೇ ಪಾಶ್ಚಾತ್ಯರು ಈ ಲೋಹದ ವಾದ್ಯವನ್ನು ಕಟ್ಟಿಗೆಯ ವಾದ್ಯಗಳ ಕುಲಕ್ಕೆ ಸೇರಿಸುತ್ತಾರೆ.

ಹುಡುಗನು ಹಚ್ಚಿದ್ದು ಅಮೆರಿಕೆಯ ಚಾರ್ಲಿ ಪಾರ್ಕರ್ ಎಂಬ ಜಾಝ್ ವಾದಕನ ಧ್ವನಿಮುದ್ರಿಕೆ. ಪಾರ್ಕರನು 1920ರಲ್ಲಿ ಕ್ಯಾನ್ಸಾಸ್ ನಗರದಲ್ಲಿ ಹುಟ್ಟಿದ ಕಪ್ಪುಜನಾಂಗದವನು. ಆಫ್ರಿಕೆಯಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಅಮೆರಿಕೆಯಲ್ಲಿ ಕಟ್ಟಿ ಬೆಳೆಸಿದ ಸಂಗೀತವೇ ಜಾಝ್. 1940ರ ದಶಕದಲ್ಲಿ ಪಾರ್ಕರನೂ ಅವನ ಸಂಗಡಿಗರೂ ಅದಕ್ಕೆ ಮಿಂಚಿನ ವೇಗವನ್ನೂ ಜಟಿಲವಾದ ಸ್ವರಸಂಚಾರವನ್ನೂ ತಂದರು. ಇಂಥವನು 1949ರ ನವೆಂಬರ್ 30ರಂದು, ಯಾರೂ ನಿರೀಕ್ಷಿಸದ ಒಂದು ಕೆಲಸಕ್ಕೆ ಕುಳಿತನು. ಮೂರು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ, ಹಾರ್ಪ್ ಎಂಬ ತಂತಿವಾದ್ಯ, ಓಬೋ ಎಂಬ ಸನಾದಿಯ ಬಂಧು, ಜೊತೆಗೆ ಪಿಯಾನೋ ಮತ್ತು ತಾಳದವರು. ಇಷ್ಟು ಜನರ ಮೇಳದೊಡನೆ ಆರು ಹಾಡುಗಳನ್ನು ಮಾತಿಲ್ಲದೆ ಬರಿಯ ವಾದ್ಯದಲ್ಲಿ ನುಡಿಸಿದನು. ಜನರ ಬಾಯಲ್ಲಿದ್ದ ಹಾಡುಗಳು ಅವು. ಮರುವರ್ಷ ಇನ್ನಷ್ಟು ಹಾಡುಗಳು ಕೂಡಿದವು. 'ಚಾರ್ಲಿ ಪಾರ್ಕರ್ ವಿತ್ ಸ್ಟ್ರಿಂಗ್ಸ್' ಎಂದೇ ಅದು ಪ್ರಸಿದ್ಧವಾಯಿತು.

ಅವುಗಳಲ್ಲಿ 'ಜಸ್ಟ್ ಫ್ರೆಂಡ್ಸ್' ಎಂಬುದು ಹೆಚ್ಚು ಜನಪ್ರಿಯ. ಹಿಂದೆ ಒಲಿದಿದ್ದ ಇಬ್ಬರು ಈಗ ಬರಿಯ ಪರಿಚಿತರಾಗಿ ಉಳಿದಿದ್ದಾರೆ ಎಂಬುದು ಮೂಲ ಹಾಡಿನ ವಸ್ತು. ಮುದ್ರಿಕೆ ಚೆನ್ನಾಗಿ ಮಾರಾಟವಾಯಿತು. ಆದರೆ ಜಾಝ್ ಪಂಡಿತರಲ್ಲಿ ಕೆಲವರು ಮೂಗು ಮುರಿದರು. ದೊಡ್ಡ ವಿದ್ವಾಂಸನು ಹಣಕ್ಕಾಗಿ ಪ್ರೇಮಗೀತೆ ಊದಿದನು, ಸಕ್ಕರೆಯ ಪಾಕದಲ್ಲಿ ಅದ್ದಿದ ಸಂಗೀತವಿದು ಎಂಬುದು ಅವರ ಆಕ್ಷೇಪ. ಪಾರ್ಕರನಿಗಾದರೋ ತಂತಿವಾದ್ಯಗಳ ಮೇಳದೊಡನೆ ನುಡಿಸಬೇಕೆಂಬುದು ಬಹುದಿನದ ಬಯಕೆಯಾಗಿತ್ತು.

ಪಾರ್ಕರನ ಬಾಳು ಅನುಕರಣೀಯವಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಎಳೆಯ ವಯಸ್ಸಿನಲ್ಲಿಯೇ ಹತ್ತಿದ ಮಾದಕ ವಸ್ತುವಿನ ಚಟ ಅವನನ್ನು ತಿಂದುಹಾಕಿತು. 1955ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೇ ಅವನು ತೀರಿಕೊಂಡನು. ಮಕ್ಕಳಿಗೆ ಅವನ ಸಂಗೀತ ಕೇಳಿಸುವ ತಂದೆತಾಯಿಗಳು ಈ ಮಾತನ್ನೂ ಮುಚ್ಚಿಡದೆ ಹೇಳಬೇಕು. ಆದರೆ ದೀಪದ ಬುಡದ ಕತ್ತಲೆಯನ್ನು ಕಂಡು ಬೆಳಕನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಮಾವನವರ ಆಕ್ಷೇಪಕ್ಕೂ ಆ ಪಂಡಿತರ ಆಕ್ಷೇಪಕ್ಕೂ ಒಳಗಿನ ಬೇರು ಒಂದೇ ಎಂದು ನಮಗೆ ತೋರಿತು. ವಾದ್ಯವನ್ನು ಅದು ನುಡಿಯುವ ಸ್ಥಳದಿಂದ ಅಳೆಯುವುದು, ಶೃಂಗಾರವೆಂದೊಡನೆ ಹಗುರವೆಂದು ತಿಳಿಯುವುದು. ಈ ಎರಡೂ ಅಳತೆಗಳನ್ನು ನಮ್ಮ ಸೀಮೆಯ ಸಂಗೀತಕ್ಕೆ ಹಿಡಿದರೆ ನಮ್ಮ ಕೈಯಲ್ಲಿ ಏನು ಉಳಿದೀತು?

ಸನಾದಿಯನ್ನೇ ನೋಡಿರಿ. ಮದುವೆಯ ಹಂದರದ ಹೊರಗೆ ಕುಳಿತವರು ನುಡಿಸುತ್ತಿದ್ದ ವಾದ್ಯವದು. ಬಿಸ್ಮಿಲ್ಲಾ ಖಾನರು ಅದನ್ನು ಸಂಗೀತ ಸಭೆಯ ನಡುವೆ ತಂದು ಕೂಡಿಸಿದರು. 2001ರಲ್ಲಿ ಭಾರತರತ್ನವೇ ಅವರನ್ನು ಹುಡುಕಿಕೊಂಡು ಬಂದಿತು. 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕಾಗಿ ಅವರು ನುಡಿಸಿದ್ದನ್ನು ನಮ್ಮ ಹಳ್ಳಿಗರು ಟೆಂಟಿನ ಮಣ್ಣಿನಲ್ಲಿ ಕುಳಿತು ಕೇಳಿ ಕಣ್ಣೀರಿಟ್ಟರು. ಹಾರ್ಮೋನಿಯಂ ಕೂಡ ಪಶ್ಚಿಮದಿಂದ ಬಂದದ್ದೇ. ಅದು ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ಹೊರಗೇ ಇಟ್ಟಿತ್ತು. ಇಂದು ಹಾರ್ಮೋನಿಯಂ ಇಲ್ಲದ ಭಜನಾ ಮೇಳ ನಮ್ಮಲ್ಲಿ ಎಲ್ಲಿದೆ? ಪರದೇಶದ ಪೆಟ್ಟಿಗೆ ನಮ್ಮ ಮಠಗಳ ಜಗಲಿಯೇರಿತು. ಪರದೇಶದ ಕೊಳವೆಗೆ ಮಾತ್ರ ಬಾಗಿಲು ಹಾಕುವುದೇಕೆ?

ಶೃಂಗಾರದ ಮಾತನ್ನಂತೂ ಕುಂದಗೋಳದವರ ಮುಂದೆ ಆಡುವಂತೆಯೇ ಇಲ್ಲ. ಕುಂದಗೋಳದ ರಾಮಭಾವು ಅವರಿಗೆ ಸವಾಯಿ ಗಂಧರ್ವ ಎಂಬ ಹೆಸರು ಬಂದದ್ದು ಮರಾಠಿ ರಂಗಭೂಮಿಯಿಂದ. ಸ್ತ್ರೀಪಾತ್ರಗಳನ್ನು ವಹಿಸಿ, ನಾಯಿಕೆಯ ಒಲವನ್ನೂ ವಿರಹವನ್ನೂ ಹಾಡಿದ ಕೊರಳೇ ಕಿರಾಣಾ ಘರಾಣೆಯ ಗಂಭೀರವಾದ ಖ್ಯಾಲನ್ನೂ ಹಾಡಿತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡದ್ದೂ, ಭೀಮಸೇನ ಜೋಶಿಯವರು ಗುರುಗೃಹದಲ್ಲಿ ನೀರು ಹೊತ್ತು ವಿದ್ಯೆ ಗಳಿಸಿದ್ದೂ ಆ ಗುರುವಿನಿಂದಲೇ. ಅದೇ ಕುಂದಗೋಳ ತಾಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಖ್ಯಾಲಿನೊಡನೆ ಠುಮರಿಯನ್ನೂ ನಾಟ್ಯಗೀತೆಯನ್ನೂ ವಚನಗಳನ್ನೂ ಹಾಡಿದರು. ಒಂದು ಹಾಡಿದ್ದರಿಂದ ಇನ್ನೊಂದಕ್ಕೆ ಮೈಲಿಗೆಯಾಗಲಿಲ್ಲ.

ಇನ್ನು ಸ್ಯಾಕ್ಸೋಫೋನಿಗೂ ಕನ್ನಡ ನಾಡಿಗೂ ಇರುವ ನಂಟು ಚಿಕ್ಕದಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಸಜೀಪದಲ್ಲಿ 1949ರಲ್ಲಿ, ಎಂದರೆ ಪಾರ್ಕರನು ಆ ಹಾಡುಗಳನ್ನು ನುಡಿಸಿದ ವರ್ಷದಲ್ಲಿಯೇ, ಕದ್ರಿ ಗೋಪಾಲನಾಥರು ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದವನ್ನು ಕೇಳಿ ಮರುಳಾದರು. ಪಾಶ್ಚಾತ್ಯ ಸ್ವರಗಳಿಗಾಗಿ ಕೀಲಿಗಳನ್ನು ಜೋಡಿಸಿದ ಆ ವಾದ್ಯದಲ್ಲಿ ನಮ್ಮ ಗಮಕಗಳನ್ನು ಹೊರಡಿಸುವುದು ಸುಲಭದ ಮಾತಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಕೆಲಸವನ್ನು ತುಟಿ, ದವಡೆ, ಉಸಿರು ಇವೇ ಮಾಡಬೇಕು. ಅವರು ಮಂಗಳೂರಿನ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಮದ್ರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತು, ಬಹುವರ್ಷಗಳ ಸಾಧನೆಯಿಂದ ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕೆಯ ಜಾನ್ ಹ್ಯಾಂಡಿ ಎಂಬ ಸ್ಯಾಕ್ಸೋಫೋನ್ ವಾದಕರು ಇವರ ವಾದನವನ್ನು ಕೇಳಿ ಜೊತೆಗೂಡಿ ನುಡಿಸಿದರು.

1994ರಲ್ಲಿ ಇವರ ಬಾಳಿನಲ್ಲಿ ಎರಡು ಸಂಗತಿಗಳು ನಡೆದವು. ಆ ವರ್ಷ ತೆರೆಕಂಡ ಕೆ. ಬಾಲಚಂದರ್ ಅವರ 'ಡ್ಯೂಯೆಟ್' ಎಂಬ ತಮಿಳು ಚಿತ್ರದ ನಾಯಕನು ಸ್ಯಾಕ್ಸೋಫೋನ್ ವಾದಕ, ಕಥೆ ಪ್ರೇಮದ್ದು. ಎ.ಆರ್. ರೆಹಮಾನರ ಸಂಗೀತದಲ್ಲಿ ಆ ನಾಯಕನ ಉಸಿರಾದವರು ಕದ್ರಿಯವರು. ಅದೇ ವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿ.ಬಿ.ಸಿ.ಯ ಪ್ರಸಿದ್ಧ ಸಂಗೀತೋತ್ಸವದಲ್ಲಿ ಅವರು ಕರ್ನಾಟಕ ಸಂಗೀತದ ಕಛೇರಿ ನಡೆಸಿದರು. ಚಲನಚಿತ್ರದ ಪ್ರೇಮಗೀತೆಗೆ ಊದಿದ್ದರಿಂದ ಅವರ ವಿದ್ವತ್ತು ಕರಗಲಿಲ್ಲ. 2004ರಲ್ಲಿ ಪದ್ಮಶ್ರೀ ಬಂದಿತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡಾಗ ನಾಡಿಗೆ ನಾಡೇ ಮರುಗಿತು.

ಪಾರ್ಕರನನ್ನೂ ಕದ್ರಿಯವರನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಮೂರನೆಯವರೊಬ್ಬರು ಇದ್ದಾರೆ: ರುದ್ರೇಶ ಮಹಾಂತಪ್ಪ. ಹೆಸರನ್ನು ಓದಿದೊಡನೆ ಇವರು ಅಣ್ಣಿಗೇರಿಯವರೋ ಕಲಘಟಗಿಯವರೋ ಎಂದು ನಮ್ಮ ಓದುಗರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಕರ್ನಾಟಕದಿಂದ ವಲಸೆ ಹೋದ ತಂದೆತಾಯಿಗಳ ಮಗನಾಗಿ 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಅಮೆರಿಕೆಯ ಕೊಲರಾಡೋದಲ್ಲಿ ಬೆಳೆದು, ಜಾಝ್ ಸ್ಯಾಕ್ಸೋಫೋನಿನಲ್ಲಿ ಹೆಸರು ಗಳಿಸಿದವರು ಇವರು. ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣನು ತಮಾಷೆಗೆಂದು ಕದ್ರಿಯವರ ಧ್ವನಿಮುದ್ರಿಕೆಯೊಂದನ್ನು ಕೊಟ್ಟನಂತೆ. ತಮಾಷೆಗೆ ಬಂದದ್ದು ತಪಸ್ಸಿಗೆ ಕಾರಣವಾಯಿತು. ಮುಂದೆ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಎಂಬ ಮುದ್ರಿಕೆ 2008ರಲ್ಲಿ ಬಂದಿತು. ಆ ಹೆಸರಿನ ಅರ್ಥ ಬಂಧುಗಳು ಎಂದೇ. 2015ರಲ್ಲಿ ಇದೇ ಮಹಾಂತಪ್ಪನವರು ಪಾರ್ಕರನ ಸ್ಮರಣೆಗಾಗಿ 'ಬರ್ಡ್ ಕಾಲ್ಸ್' ಎಂಬ ಇನ್ನೊಂದು ಮುದ್ರಿಕೆಯನ್ನು ತಂದರು. ಕ್ಯಾನ್ಸಾಸಿನಿಂದ ಸಜೀಪಕ್ಕೆ ದಾರಿ ಇಲ್ಲವೆಂದು ಯಾರು ಹೇಳಬಲ್ಲರು?

ಇವೆಲ್ಲವನ್ನೂ ಮಾವನವರ ಮುಂದೆ ಭಾಷಣದಂತೆ ಒಪ್ಪಿಸಿದ್ದರೆ ಅವರು ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದರು. ಆದ್ದರಿಂದ ಮರುದಿನ ಸಂಜೆ ಕಟ್ಟೆಯ ಮೇಲೆ ಕುಳಿತಾಗ ಬೇರೆ ಮಾತು ತೆಗೆದೆವು. "ಮಾವಾರ, ಕುಂದಗೋಳದ ನಾಡಿಗೇರ ವಾಡೆಯೊಳಗ ಪುಣ್ಯತಿಥಿ ಸಂಗೀತ ಕೇಳಾಕ ಮೊದಲ ಹೋಗಿದ್ದು ಯಾವಾಗ ನೀವು?" ಎಂದು ಕೇಳಿದೆವು.

ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಹೇಳಿದರು: "ಲಗ್ನಾದ ವರ್ಷ. ನಿಮ್ಮತ್ತೀನ್ನೂ ಕರಕೊಂಡು ಹೋಗಿದ್ದೆ. ಮನ್ಯಾಗ ಅವ್ವಗ ದೇವರಿಗೆ ಹೊಕ್ಕೀವಂತ ಹೇಳಿದ್ವಿ. ಆಕಿ ಹೆಣ್ಣಮಕ್ಕಳ ಕಡೆ, ನಾ ಈ ಕಡೆ. ನಡುರಾತ್ರ್ಯಾಗ ಒಬ್ಬರು ವಿಲಂಬಿತದಾಗ ಒಂದ ಸ್ವರ ಹಿಡದು ನಿಂತರು ನೋಡು, ಎಲ್ಲಾರೂ ಉಸಿರು ಬಿಡೂದು ಮರತರು. ನಾ ಆ ಕಡೆ ನೋಡಿದೆ. ಆಕೀನೂ ನನ್ನ ಕಡೆ ನೋಡಾಕತ್ತಿದ್ದಳು."

ಇಷ್ಟು ಹೇಳಿ ಧೋತರದ ಅಂಚಿನಿಂದ ಮುಖ ಒರೆಸಿಕೊಂಡರು. ಐವತ್ತು ವರ್ಷಕ್ಕೂ ಮಿಕ್ಕಿದ ಸಂಸಾರದಲ್ಲಿ ಅವರು ಅತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾವು ಕೇಳಿರಲಿಲ್ಲ. ಅತ್ತೆಯೂ "ಕೇಳಿದ್ರೇನು" ಎಂಬುದಕ್ಕಿಂತ ಹೆಚ್ಚಿನ ಸಂಬೋಧನೆಯನ್ನು ಬಳಸಿದವರಲ್ಲ. ನಮ್ಮ ಮನೆಗಳಲ್ಲಿ ಗಂಡಹೆಂಡಿರ ಒಲವು ರೊಟ್ಟಿ ಬುಟ್ಟಿಯಲ್ಲಿ, ಹೊಲಕ್ಕೆ ಕಟ್ಟುವ ಬುತ್ತಿಯಲ್ಲಿ ಇರುವುದೇ ಹೊರತು ಮಾತಿನಲ್ಲಿ ಬರುವುದಿಲ್ಲ. ಮಾತಿಗೆ ಬಾರದ ಆ ಒಲವಿಗೆ ಒಂದು ದನಿ ಬೇಡವೇ? ಮಾತಿಲ್ಲದ ವಾದ್ಯ ಆ ದನಿಯಾಗಬಲ್ಲುದು. ಹಾಡಿನ ಸಾಹಿತ್ಯವನ್ನು ಬಿಟ್ಟು ಬರಿಯ ನಾದದಿಂದ ಪ್ರೇಮವನ್ನು ನುಡಿಸಿದಾಗ, ಹಿರಿಯರ ಮುಂದೆ ಕೇಳಲು ನಾಚಬೇಕಾದ ಮಾತೊಂದೂ ಅಲ್ಲಿ ಇರುವುದಿಲ್ಲ. ಕೇಳುವವನ ಬಾಳೇ ಅದಕ್ಕೆ ಸಾಹಿತ್ಯವಾಗುವುದು.

ಅಷ್ಟರಲ್ಲಿ ಮೊಮ್ಮಗನು ಹೊಸ್ತಿಲಲ್ಲಿ ಬಂದು ನಿಂತಿದ್ದನು. ಮಾವನವರೇ, ಅವನ ಕಡೆ ನೋಡದೆ, "ನಿನ್ನಿದು ಹಚ್ಚು. ಪೂರಾ ಕೇಳೂಣು" ಎಂದರು.

ಮೂರೂವರೆ ನಿಮಿಷದ ವಾದನ. ಮಾವನವರು ಕಣ್ಣು ಮುಚ್ಚಿ, ಬೆರಳಿನಲ್ಲಿ ಲಯ ಎಣಿಸುತ್ತ ಕೇಳಿದರು. ಮುಗಿದ ಮೇಲೆ ಹೇಳಿದ ಮಾತನ್ನು ಯಾವ ಸಂಗೀತ ವಿಮರ್ಶಕರೂ ಇಷ್ಟು ಚೊಕ್ಕಟವಾಗಿ ಹೇಳಲಾರರು: "ಹುಡುಗ ಭಾಳ ಅವಸರ ಮಾಡತಾನ. ಒಂದ ಕಡೆ ನಿಂದ್ರೂದಿಲ್ಲ. ಹಿಂದಿನ ಪಿಟೀಲಿನವರೂ ಸಾಥ್ ಕೊಡೂದಿಲ್ಲ, ತಮ್ಮ ಪಾಡಿಗೆ ತಾವು ಹೊಂಟಾರ. ಆದರ ಉಸಿರು ಖರೇ ಐತಿ."

ಮಾವನವರು ಹಿಡಿದದ್ದು ನಿಜ. ನಮ್ಮ ಪದ್ಧತಿಯಲ್ಲಿ ಸಾರಂಗಿಯಾಗಲಿ ಹಾರ್ಮೋನಿಯಮ್ಮಾಗಲಿ ಗಾಯಕನ ಬೆನ್ನ ಹಿಂದೆ ನೆರಳಿನಂತೆ ನಡೆಯುವುದು. ಅವನು ತಿರುಗಿದತ್ತ ತಿರುಗುವುದು. ಪಾಶ್ಚಾತ್ಯ ಮೇಳದಲ್ಲಿ ಪಿಟೀಲಿನವರು ನುಡಿಸಬೇಕಾದುದೆಲ್ಲ ಮೊದಲೇ ಕಾಗದದ ಮೇಲೆ ಬರೆದಿರುವುದು. ಅವರು ಅದನ್ನು ಬಿಟ್ಟು ಕದಲುವಂತಿಲ್ಲ. ಪಾರ್ಕರನೊಬ್ಬನೇ ಆ ಕ್ಷಣದಲ್ಲಿ ಹೊಳೆದುದನ್ನು ನುಡಿಸುವನು. ಕಟ್ಟಿದ ದಂಡೆಗಳ ನಡುವೆ ಹರಿಯುವ ಹಳ್ಳದಂತೆ ಅವನ ನಾದ. ದಂಡೆ ಇರುವುದರಿಂದಲೇ ಹರಿವಿನ ರಭಸ ನಮಗೆ ಕಾಣುವುದು. ಮೊಮ್ಮಗನು ಇದನ್ನು ವಿವರಿಸಿದಾಗ ಅಜ್ಜ, "ಹಂಗಾರ ಅವಂದು ಒಬ್ಬಂದ ದುಡಿಮಿ" ಎಂದು ತಲೆದೂಗಿದರು. ಆಮೇಲೆ ಕದ್ರಿಯವರ ರಾಗವೊಂದನ್ನು ಹಚ್ಚಿಸಿ ಕೇಳಿದರು. "ಈತ ನಿಂತ ನುಡಸ್ತಾನ" ಎಂದಾಗ ಅವರ ಮುಖದಲ್ಲಿ ಎರಡು ವರ್ಷದಿಂದ ಕಾಣದ ಕಳೆಯಿತ್ತು.

ಮಾವನವರು ಜಾಝ್ ಸಂಗೀತದ ಭಕ್ತರಾದರೆಂದು ಓದುಗರು ತಿಳಿಯಬಾರದು. ಹಾಗೆ ಆಗಲಿಲ್ಲ, ಆಗಬೇಕಾದುದೂ ಇಲ್ಲ. ಆದರೆ ನಾವು ಹೊರಡುವ ದಿನ ಬೆಳಗಿನಲ್ಲಿ, ಪೂಜೆ ಮುಗಿಸಿ ಬಂದವರು, ರೇಡಿಯೋದ ಮೇಲಿನ ಅರಿವೆಯನ್ನು ತಾವೇ ತೆಗೆದು ಮಡಚಿಟ್ಟರು. ಅದು ಅತ್ತೆಯವರ ಹಳೆಯ ಇಳಕಲ್ಲ ಸೀರೆಯ ತುಂಡು. ಧಾರವಾಡ ಕೇಂದ್ರ ಹತ್ತಲು ತುಸು ಹೊತ್ತು ಹಿಡಿಯಿತು. ಮೊಮ್ಮಗನು ಓಡಿಹೋಗಿ ಹೊಸ ಸೆಲ್ಲು ತಂದು ಹಾಕಿದನು.

ನಮ್ಮ ಮನೆಗಳಲ್ಲಿ ಈಗ ಮೂರು ತಲೆಮಾರಿನವರು ಮೂರು ಬಗೆಯ ಸಂಗೀತವನ್ನು ಕೇಳುತ್ತಾರೆ. ಅದೂ ಕಿವಿಗೆ ಬೀಗ ಹಾಕಿದಂತೆ ಯಂತ್ರ ಸಿಕ್ಕಿಸಿಕೊಂಡು ಒಬ್ಬೊಬ್ಬರೇ. ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೇ: ಮಕ್ಕಳ ಸಂಗೀತವನ್ನು ಬೇಡವೆನ್ನುವ ಮೊದಲು ಒಂದು ಸಲ ಪೂರ್ತಿ ಕೇಳಿರಿ, ಕುಂದಗೋಳದ ವಿಲಂಬಿತಕ್ಕೆ ಪಳಗಿದ ಕಿವಿಗೆ ಯಾವ ದೇಶದ ಉಸಿರೂ ಪರಕೀಯವಲ್ಲ. ಕಿರಿಯರಿಗೂ ಒಂದು ಮಾತು: ನೀವು ತಂದ ಹಾಡನ್ನು ಹಚ್ಚುವ ಮೊದಲು, ಆ ಮನೆಯಲ್ಲಿ ನಿಂತುಹೋದ ಹಾಡು ಯಾವುದೆಂದು ಕೇಳಿ ತಿಳಿಯಿರಿ.